ಗ್ಲೆನ್ ಆಫ್ರಿಕ್ ಕಣಿವೆಗೆ ಯಾವಾಗ ಹೋಗಬೇಕು?

ಪ್ರಶ್ನೆ: ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಉಳಿದುಕೊಂಡು, ಒಂದು ದಿನ ಗ್ಲೆನ್ ಆಫ್ರಿಕ್ ನೋಡುವ ಆಸೆ. ಜುಲೈ ಒಳ್ಳೆಯದೋ, ಅಕ್ಟೋಬರೋ? ಅಮ್ಮನಿಗೆ ಮೊಣಕಾಲು ನೋವು. ಮಗಳಿಗೆ ಪ್ರಾಣಿಗಳು ಕಾಣಲೇಬೇಕು. ಹೋಗಿಬಂದವರು ತಿಳಿಸಿ.

ಗ್ಲಾಸ್ಗೋದಿಂದ: ಅಕ್ಟೋಬರ್, ಎರಡನೆಯ ಮಾತೇ ಬೇಡ. ಜುಲೈಯಲ್ಲಿ ಗಾಳಿ ನಿಂತು ಮೋಡ ಕವಿದರೆ ನುಸಿ ಮುಖಕ್ಕೆ ಮುತ್ತುತ್ತದೆ, ಬುತ್ತಿ ಬಿಚ್ಚುವುದಕ್ಕೂ ಬಿಡುವುದಿಲ್ಲ. ಅಕ್ಟೋಬರ್‌ನಲ್ಲಿ ಬರ್ಚ್ ಮರಗಳು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತವೆ, ನಡುನಡುವೆ ಪೈನ್‌ನ ಕಡು ಹಸಿರು. ಕೆಂಪು ಜಿಂಕೆಗಳಿಗೆ ಅದು ಬೆದೆಯ ಕಾಲ. ಇವು ನಮ್ಮ ಕಡವೆಯ ಬಳಗದವು. ಗಂಡು ಕಣ್ಣಿಗೆ ಬೀಳದಿದ್ದರೂ ಅದರ ಗುಟುರು ಗುಡ್ಡದಿಂದ ಕೇಳಿಸುತ್ತದೆ. ಆದರೆ ನಾಗರಹೊಳೆಯ ಸಫಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ.

ಅಬರ್ಡೀನ್‌ನಿಂದ: ಆಫ್ರಿಕ್ ಸರೋವರವನ್ನು ಸುತ್ತುವ 18 ಕಿಲೋಮೀಟರ್ ದಾರಿ ನಿಮ್ಮ ಅಮ್ಮನಿಗಲ್ಲ. ಕ್ಯಾನಿಕ್ ಹಳ್ಳಿಯಿಂದ ಹೋಗುವ ಒಂಟಿ ರಸ್ತೆಯ ಕೊನೆಯವರೆಗೂ ಕಾರು ಹೋಗುತ್ತದೆ, ಅಲ್ಲೇ ಹೊಳೆಯ ದಂಡೆಯಲ್ಲಿ ಕೂರಬಹುದು. ಪ್ಲಾಡಾ ಜಲಪಾತದ ಎತ್ತರ 46 ಮೀಟರ್. ಅದನ್ನು ನೋಡಲು ಇಳಿಯುವಾಗ ಏನೂ ಅನ್ನಿಸದ ದಾರಿ ಹತ್ತುವಾಗ ಮಂಡಿಯನ್ನು ಕಾಡುತ್ತದೆ.

ಎಡಿನ್‌ಬರೋದಿಂದ: ಮಗಳಿಗೆ ಜಿಂಕೆ ತೋರಿಸುವ ಮೊದಲು ಜಿಂಕೆ ಮಾಡಿದ್ದನ್ನು ತೋರಿಸಿ. ಇಲ್ಲಿನ ಕಾಡು ಹಿಮಯುಗ ಮುಗಿದ ಮೇಲೆ ಬೆಳೆದ ಕ್ಯಾಲೆಡೋನಿಯನ್ ಪೈನ್ ಕಾಡಿನ ಅಳಿದುಳಿದ ತುಂಡು. ತೋಳಗಳು ನಿರ್ನಾಮವಾದವು, ಬೇಟೆಯ ಶೋಕಿಗೆ ಜಮೀನುದಾರರು ಜಿಂಕೆಗಳನ್ನು ಹೆಚ್ಚಿಸಿದರು. ಮೊಳೆತ ಸಸಿಗಳೆಲ್ಲ ಅವುಗಳ ಬಾಯಿಗೆ ಹೋದವು, ಉಳಿದದ್ದು ಮುದಿ ಮರಗಳು ಮಾತ್ರ. 1951ರಲ್ಲಿ ಸರ್ಕಾರದ ಅರಣ್ಯ ಆಯೋಗ ಈ ಜಾಗವನ್ನು ಕೊಂಡಿತು. ಮುಂದೆ ಬೇಲಿ ಹಾಕಿ ಜಿಂಕೆಗಳನ್ನು ಹೊರಗಿಟ್ಟ ಕಡೆಯೆಲ್ಲ ಬಿದ್ದ ಬೀಜದಿಂದಲೇ ಕಾಡು ಎದ್ದಿತು. ಬೇಲಿಯ ಆಚೆ ಬರೀ ಹೀದರ್ ಪೊದೆ, ಈಚೆ ಆಳೆತ್ತರದ ಪೈನ್: ಇದನ್ನು ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ಬೇಲಿಯೂ ನಿರಪಾಯವಲ್ಲ, ಕಾಪರ್ಕೇಲಿಯಂತಹ ದೊಡ್ಡ ಕಾಡುಕೋಳಿಗಳು ಹಾರುವಾಗ ತಂತಿಗೆ ಬಡಿದು ಸಾಯುತ್ತವೆ. ಜಿಂಕೆಗಳನ್ನು ಗುಂಡಿಕ್ಕಿ ಕಡಿಮೆ ಮಾಡುವುದು ಅದಕ್ಕಾಗಿಯೂ ಹೌದು. ಕೇಳಲು ಕಷ್ಟ, ಆದರೆ ನಾನು ಒಪ್ಪುತ್ತೇನೆ.

ಇದೇ ಕಣಿವೆಯ ಡಾಗ್ ಫಾಲ್ಸ್ ಜಲಪಾತದ ಬಳಿ ಮರದ ಬುಡದಲ್ಲಿ ಪೈನ್ ಸೂಜಿಗಳ ಗುಡ್ಡೆ ಕಂಡರೆ ಬಗ್ಗಿ ನೋಡಿ, ಅದು ಕಾಡಿರುವೆಯ ಗೂಡು. ಒಂದೊಂದು ಇರುವೆಯೂ ತನಗಿಂತ ಉದ್ದದ ಸೂಜಿಯನ್ನು ಎಳೆಯುತ್ತಿರುತ್ತದೆ. ಕೈಯಿಡಬೇಡಿ, ಆಮ್ಲ ಚಿಮ್ಮಿಸುತ್ತವೆ. ಕೊಂಬೆಗಳಿಂದ ಗಡ್ಡದಂತೆ ಇಳಿಬಿದ್ದದ್ದು ನಮ್ಮ ಮಸಾಲೆಯ ಕಲ್ಲುಹೂವಿನ ನೆಂಟ. ಅಮ್ಮ ಗುರುತಿಸಿಯಾರು, ಕೀಳಲು ಮಾತ್ರ ಬಿಡಬೇಡಿ.

ಇನ್ವರ್ನೆಸ್‌ನಿಂದ: ಅಕ್ಟೋಬರ್‌ನಲ್ಲಿ ಬೇಗ ಕತ್ತಲಾಗುತ್ತದೆ, ಬೆಳಿಗ್ಗೆಯೇ ಹೊರಡಿ. ಕ್ಯಾನಿಕ್ ದಾಟಿದರೆ ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ರಾತ್ರಿ ಮಗಳ ಮಂಡಿಯ ಹಿಂದೆ, ಕಂಕುಳಲ್ಲಿ ಉಣುಗು ಕಚ್ಚಿದೆಯೇ ನೋಡಿ. ಇಲ್ಲಿನ ಉಣುಗಿನಿಂದ ಲೈಮ್ ಕಾಯಿಲೆ ಬರಬಹುದು.