ಆರ್ಕಿಟೆಕ್ಚರ್ ಓದಿ ಸೆನ್ಸರ್, ಪ್ರೊಜೆಕ್ಷನ್ ಕಡೆ ಹೋಗ್ಬಹುದಾ?

ಜಯನಗರದವಳು:
ಬಿ.ಆರ್ಕ್ ಮುಗ್ಸಿ ಮೂರು ವರ್ಷ ಆಯ್ತು, ಆಫೀಸಲ್ಲಿ ದಿನಾ ವರ್ಕಿಂಗ್ ಡ್ರಾಯಿಂಗು, ಟಾಯ್ಲೆಟ್ ಡೀಟೇಲು, ಮೆಟ್ಟಿಲು. ನಂಗೆ ಮಾಡ್ಬೇಕು ಅನ್ಸೋದು ಜನ ಓಡಾಡಿದ ಹಾಗೆ ಬೆಳಕು ಬದಲಾಗೋ ಗೋಡೆ, ನಡೆದ್ರೆ ಸದ್ದು ಕೊಡೋ ಕಾರಿಡಾರು, ಈ ಥರದ್ದು. ಅಪ್ಪ ಮಾತ್ರ ಐದು ವರ್ಷ ಓದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಗುತ್ತೆ ಅಂತಾರೆ. ಹೀಗೆ ಹೋದವ್ರು ಯಾರಾದ್ರೂ ಇದ್ದೀರಾ? ಕೋಡಿಂಗ್ ಮೊದಲಿಂದ ಕಲೀಬೇಕಾ?

ಪೆನ್ಸಿಲ್ ಗೆರೆ:
ಓದಿದ್ದು ಎಲ್ಲೂ ಹೋಗಲ್ಲಮ್ಮ. 1985ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟೀಲಿ ಟೆಕ್ನಾಲಜಿ, ಡಿಸೈನ್ ಎರಡನ್ನೂ ಬೆರೆಸೋ ಮೀಡಿಯಾ ಲ್ಯಾಬ್ ಶುರು ಮಾಡಿದವ್ರಲ್ಲಿ ಒಬ್ರಾದ ನಿಕೊಲಸ್ ನೆಗ್ರೊಪಾಂಟೆ ಓದಿದ್ದು ಆರ್ಕಿಟೆಕ್ಚರೇ. ಇಂಗ್ಲೆಂಡಿನ ಆರ್ಕಿಟೆಕ್ಟ್ ಸೆಡ್ರಿಕ್ ಪ್ರೈಸ್ 1970ರ ದಶಕದಲ್ಲೇ ಜನರೇಟರ್ ಅಂತ ಒಂದು ಪ್ರಾಜೆಕ್ಟ್ ಡಿಸೈನ್ ಮಾಡಿದ್ರು, ಕ್ರೇನಲ್ಲಿ ಎತ್ತಿ ಜಾಗ ಬದಲಾಯಿಸೋ ಕೋಣೆಗಳು, ಜನ ತುಂಬಾ ದಿನ ಏನೂ ಬದಲಾಯಿಸದೆ ಬಿಟ್ರೆ ಕಂಪ್ಯೂಟರಿಗೇ ಬೇಜಾರಾಗಿ ಹೊಸ ಪ್ಲ್ಯಾನ್ ಮುಂದಿಡ್ಬೇಕು ಅನ್ನೋ ಯೋಚನೆ. ಕಟ್ಟಲಿಲ್ಲ ಅದನ್ನ, ಆದ್ರೂ ಓದಿದಾಗೆಲ್ಲ ಮೈ ಜುಮ್ ಅನ್ನುತ್ತೆ. ಅಪ್ಪಂಗೆ ಇದನ್ನ ಹೇಳಿ.

ಬೆಳಕಿನ ಕೆಲಸದವ:
ನಾನು ಇಂಜಿನಿಯರು, ಎಕ್ಸಿಬಿಷನ್ ಇನ್‌ಸ್ಟಲೇಷನ್ ಮಾಡೋ ಟೀಮಲ್ಲಿದೀನಿ. ಒಂದ್ಸಲ ಜನ ಹತ್ರ ಬಂದ್ರೆ ಗೋಡೆ ಮೇಲೆ ಅಲೆ ಏಳೋ ಥರ ಮಾಡಿದ್ವಿ, ಆಫೀಸಲ್ಲಿ ವಾರಗಟ್ಲೆ ಟೆಸ್ಟ್ ಮಾಡಿ ಒಯ್ದ್ವಿ, ಬೆಳಗ್ಗೆಯಿಂದ ಚೆನ್ನಾಗೇ ನಡೀತಿತ್ತು, ಸಾಯಂಕಾಲ ನಾಲ್ಕಾಗ್ತಿದ್ದ ಹಾಗೆ ಕ್ಯಾಮೆರಾಗೆ ಯಾರೂ ಕಾಣ್ತಿಲ್ಲ! ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಒಳಗೆ ಬರ್ತಿತ್ತು, ಬಿಸಿಲಲ್ಲೂ ಇನ್‌ಫ್ರಾರೆಡ್, ಅಂದ್ರೆ ಕಣ್ಣಿಗೆ ಕಾಣದ ಬೆಳಕು, ಇರುತ್ತಲ್ಲ, ಜನ ಎಷ್ಟು ದೂರ ಇದ್ದಾರೆ ಅಂತ ಅಳೆಯೋಕೆ ನಮ್ಮ ಡೆಪ್ತ್ ಕ್ಯಾಮೆರಾ ಬಿಡೋ ಇನ್‌ಫ್ರಾರೆಡ್ ಅದ್ರಲ್ಲಿ ಮುಳುಗೇಹೋಯ್ತು. ಕೋಡ್ ಬರೆಯೋರು ಆರು ಜನ ಇದ್ವಿ, ಪ್ಲ್ಯಾನಲ್ಲಿ ಉತ್ತರ ಯಾವ ಕಡೆ ಅಂತ ನೋಡಿದವ್ರು ಒಬ್ರೂ ಇಲ್ಲ. ನಿಮ್ಮಂಥವ್ರು ಇದ್ದಿದ್ರೆ ಮೊದಲ ದಿನವೇ ಹೇಳ್ತಿದ್ರಿ ಮೇಡಂ.

ಕೋಡಿಂಗ್ ಬಗ್ಗೆ ಕೇಳಿದ್ರಲ್ಲ, ಗ್ರಾಸ್‌ಹಾಪರ್ (ಬ್ಲಾಕುಗಳನ್ನ ಜೋಡಿಸಿ ಡಿಸೈನ್ ಮಾಡೋ ಸಾಫ್ಟ್‌ವೇರ್) ಬಂದ್ರೆ ಅರ್ಧ ಲಾಜಿಕ್ ಬಂದಂಗೇ. ಒಂದು ಆರ್ಡುಯಿನೊ (ಸೆನ್ಸರ್, ಲೈಟು ಜೋಡಿಸಿ ಪ್ರೋಗ್ರಾಂ ಮಾಡೋ ಚಿಕ್ಕ ಬೋರ್ಡು), ಎರಡು ಸೆನ್ಸರ್ ತಗೊಂಡು ನಿಮ್ಮ ಮನೆ ಪ್ಯಾಸೇಜಲ್ಲೇ ಶುರು ಮಾಡಿ, ಕೋರ್ಸಿಗೆ ದುಡ್ಡು ಆಮೇಲೆ ಸುರೀಬಹುದು. ಇನ್ನೊಂದು, ಬನ್ನೇರುಘಟ್ಟ ರಸ್ತೆ ಐಐಎಂ ಒಳಗೆ ಹೋಗೋಕೆ ಅವಕಾಶ ಸಿಕ್ರೆ ಬಿಡ್ಬೇಡಿ. ಅದನ್ನ ಡಿಸೈನ್ ಮಾಡಿದ ಆರ್ಕಿಟೆಕ್ಟ್ ಬಿ.ವಿ. ದೋಶಿಯವರ ಆ ಉದ್ದ ಕಾರಿಡಾರುಗಳಲ್ಲಿ ಕಲ್ಲಿನ ಗೋಡೆ ಮೇಲೆ ನೆರಳು ಗಂಟೆಗೊಂದು ಥರ ಇರುತ್ತೆ, ಒಂದು ವೈರ್ ಕೂಡ ಇಲ್ಲದೆ. ನಾನಂತೂ ಅಲ್ಲಿ ಅರ್ಧ ದಿನ ಸುಮ್ನೆ ಕೂತಿದ್ದೆ.

ಜಯನಗರದವಳು:
ಪಶ್ಚಿಮದ ಕಿಟಕಿ ವಿಷ್ಯ ಓದಿ ತುಂಬಾ ಧೈರ್ಯ ಬಂತು ಸರ್. ನಮ್ಮ ಪ್ಯಾಸೇಜಿಗೆ ಬೆಳಗಿನ ಬಿಸಿಲು ಬರುತ್ತೆ, ಸೆನ್ಸರನ್ನ ಬಿಸಿಲು ನೇರ ಬೀಳದ ಕಡೆ ಹಾಕ್ತೀನಿ. ಭಾನುವಾರ ಎಸ್‌ಪಿ ರೋಡಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ತೆಗ್ದಿರುತ್ತಾ?

ಬೆಳಕಿನ ಕೆಲಸದವ:
ಸುಮಾರು ಮುಚ್ಚಿರುತ್ತೆ, ಶನಿವಾರ ಹೋಗಿ.