ಬಾಣಂತಿ ನಾಯಿ ಹತ್ತಿರ ಬಿಡ್ತಿಲ್ಲ, 4 ದಿನದ ಮರಿಗಳನ್ನ ಸೌದೆ ಕೊಟ್ಟಿಗೆಯಿಂದ ಒಳಗೆ ತರೋದು ಹೇಗೆ?

ತೋಟದಂಚು:
ಹೊಸನಗರ ತಾಲ್ಲೂಕು. ನಾಡು ನಾಯಿ, ಸುಮಾರು 18 ಕೆಜಿ, ಚೊಚ್ಚಲು. ಆರು ಮರಿ, ಇವತ್ತಿಗೆ 4ನೇ ದಿನ. ಸೌದೆ ಕೊಟ್ಟಿಗೆಯ ಹಿಂದಿನ ಮೂಲೆಯಲ್ಲಿ ಹಾಕಿದೆ. ಪುನರ್ವಸು ಮಳೆ ಹಿಡಿದು ಗೋಡೆ ಬುಡದಲ್ಲಿ ನೀರು ಒಸರುತ್ತಿದೆ, ಹಾಸಿದ ಗೋಣಿ ಒದ್ದೆ. ಚಿರತೆ ಹೆದರಿಕೆ ಬೇರೆ. ದಿನಾ ಅನ್ನ ಹಾಕುವವರು ಮೂರು ಅಡಿ ಹತ್ತಿರ ಹೋಗಬಹುದು, ಕೈ ಚಾಚಿದರೆ ಗುರ್ ಅನ್ನುತ್ತೆ. ಬೇರೆಯವರು ಬಾಗಿಲಿಗೆ ಬಂದರೆ ಎದ್ದು ನಿಲ್ಲುತ್ತೆ, ನಿನ್ನೆ ಗಾಳಿಗೆ ಬಾಯಿ ಹಾಕಿತು. ಒಂದು ಮರಿ ಸಣ್ಣದು, ಗುಂಪಿನಿಂದ ಆಚೆ ಬಿದ್ದು ಕುಂಯ್‌ಗುಡುತ್ತಿದೆ. ಮನುಷ್ಯರು ಮುಟ್ಟಿದರೆ ತಾಯಿ ಮರಿ ಬಿಟ್ಟುಬಿಡುತ್ತೆ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ. 7 ವರ್ಷದ ಮಗುವೂ ಇದೆ. ಎಲ್ಲಿಂದ ಶುರು ಮಾಡೋದು?

ಇಂಬಳ:
ಬಾಯಿಗೆ ಬಟ್ಟೆ ಕಟ್ಟಿ, ಒಬ್ಬರು ಹಿಡ್ಕೊಳ್ಳಿ, ಇನ್ನೊಬ್ಬರು ಮರಿ ಎತ್ತಿ. ಐದು ನಿಮಿಷದ ಕೆಲಸ.

ಹಾಳೆಟೊಪ್ಪಿ:
ದಯವಿಟ್ಟು ಹಾಗೆ ಮಾಡಬೇಡಿ. ಇವತ್ತು ಐದು ನಿಮಿಷಕ್ಕೆ ಮುಗಿಯುತ್ತೆ, ನಾಳೆಯಿಂದ ಅನ್ನ ಹಾಕುವವರನ್ನೂ ಬಿಡಲ್ಲ. ಕಿತ್ತಾಡುವ ನಾಯಿಯ ಕಾಲಡಿ ಮರಿ ಸಿಕ್ಕಿಕೊಳ್ಳೋದೂ ಉಂಟು. ಡಾಕ್ಟರು ಮೈ ಮುಟ್ಟಿ ನೋಡುವಾಗ ಬಾಯಿ ಕಟ್ಟಲಿ, ಮರಿಗಳ ಎದುರಿಗೆ ಬೇಡ.

ಗುರ್ ಅಂದದ್ದಕ್ಕೆ ಗದರಿಸಲೂ ಬೇಡಿ. ಅದು ಕಚ್ಚುವ ಮೊದಲು ಕೊಡುವ ನೋಟಿಸು. ಹೊಡೆದು ಗುರ್ ನಿಲ್ಲಿಸಿದರೆ ಮುಂದಿನ ಸಲ ನೋಟಿಸಿಲ್ಲದೆ ಕಚ್ಚುತ್ತೆ. ಗುರ್‌ಗಿಂತ ಮೊದಲೇ ಕಾಣುವ ಗುರುತುಗಳೂ ಇವೆ: ಮರಿ ನೆಕ್ಕುತ್ತಿದ್ದದ್ದು ತಟ್ಟನೆ ನಿಲ್ಲುತ್ತೆ, ಮೈ ಸೆಟೆಯುತ್ತೆ, ತಲೆ ತಿರುಗಿಸದೆ ಕಣ್ಣು ಮಾತ್ರ ನಿಮ್ಮ ಕಡೆ ಹೊರಳಿ ಬಿಳಿಭಾಗ ಕಾಣುತ್ತೆ. ಅಲ್ಲೇ ನಿಂತು, ಅಡ್ಡಮೈಯಾಗಿ ನಿಧಾನ ಹಿಂದೆ ಬನ್ನಿ.

ಮುಟ್ಟಿದರೆ ಬಿಟ್ಟುಬಿಡುತ್ತೆ ಅನ್ನೋದು ನಾಯಿಯ ಮಟ್ಟಿಗೆ ನಿಜ ಅಲ್ಲ. ಸಾಕಿದವರ ವಾಸನೆ ಅದಕ್ಕೆ ಹೊಸದೇನಲ್ಲ. ಕೈ ಸಾದಾ ಸೋಪಿನಲ್ಲಿ ತೊಳೆದು ಒರೆಸಿ, ಅದು ಮಲಗಿದ್ದ ಗೋಣಿಗೆ ಉಜ್ಜಿಕೊಂಡು ಆಮೇಲೆ ಮುಟ್ಟಿ. ಡೆಟಾಲ್, ಸ್ಯಾನಿಟೈಸರ್, ಸೆಂಟು ಬೇಡ. ತಾಯಿ ಮರಿಯನ್ನು ದೂರ ತಳ್ಳಿದರೆ ಮರಿ ತಣ್ಣಗಾಗಿದೆಯಾ ನೋಡಿ. ತಣ್ಣಗಾದ, ಚೀಪದ ಮರಿಯನ್ನು ತಾಯಿ ಪಕ್ಕಕ್ಕೆ ಸರಿಸೋದು ಹೆಚ್ಚು. ನಿಮ್ಮ ಸಣ್ಣ ಮರಿಗೆ ಅದೇ ಆಗಿರಬಹುದು. ಹಾಗಾಗಿ ಜಾಗ ಬದಲಿಸೋದು ಇವತ್ತೇ ಆಗಬೇಕು.

ತುಂಗೆ ದಂಡೆ:
ಜಾಗದ ಬಗ್ಗೆ ನಾನು ಬರೀತೀನಿ.

ಬಚ್ಚಲ ಒಲೆಗೆ ಬೆನ್ನು ಕೊಟ್ಟ ಕೋಣೆ ಇದ್ದರೆ ಅದಕ್ಕಿಂತ ಒಳ್ಳೇದಿಲ್ಲ. ಜನ ಓಡಾಡದ, ಮಬ್ಬು ಬೆಳಕಿನ, ಬಾಗಿಲು ಹಾಕಬಹುದಾದ ಜಾಗ ಬೇಕು. 18 ಕೆಜಿ ನಾಯಿಗೆ ಮೂರೂವರೆ ಅಡಿ ಚೌಕದ ಪೆಟ್ಟಿಗೆ ಸಾಕು. ಮೂರು ಕಡೆ ಒಂದೂವರೆ ಅಡಿ ಎತ್ತರ, ಮುಂದೆ 8 ಇಂಚು: ತಾಯಿ ದಾಟಬೇಕು, ಮರಿ ದಾಟಬಾರದು. ಒಳಗೆ ಸುತ್ತಲೂ ನೆಲದಿಂದ 4 ಇಂಚು ಮೇಲೆ, ಗೋಡೆಯಿಂದ 4 ಇಂಚು ಈಚೆಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹೊಡೆಯಿರಿ, ಸಿಬಿರು ಹೆರೆದು. ಚೊಚ್ಚಲ ತಾಯಿ ಗೋಡೆಗೆ ಒರಗಿ ಧೊಪ್ಪನೆ ಮಲಗುವಾಗ ಹಿಂದೆ ಸಿಕ್ಕ ಮರಿ ಅಪ್ಪಚ್ಚಿಯಾಗದೆ ದಬ್ಬೆ ಅಡಿಯಲ್ಲಿ ಉಳಿಯುತ್ತೆ.

ನೆಲಕ್ಕೆ ಟಾರ್ಪಾಲು, ಮೇಲೆ ಏಳೆಂಟು ಪದರ ಪೇಪರು, ಅದರ ಮೇಲೆ ಹಳೇ ಹತ್ತಿ ಬೆಡ್‌ಶೀಟನ್ನು ಬಿಗಿಯಾಗಿ ಎಳೆದು ಅಂಚನ್ನು ಅಡಿಗೆ ಸಿಕ್ಕಿಸಿ. ಸಡಿಲ ಬಟ್ಟೆಯ ಮಡಿಕೆಯಲ್ಲಿ ಮರಿ ಉಸಿರುಗಟ್ಟುತ್ತೆ. ಕೊಟ್ಟಿಗೆಗೆ ಹಾಸುವ ದರಗು (ಒಣಗಿದ ಎಲೆ) ಇಲ್ಲಿಗೆ ಬೇಡ, ಅದರ ಜೊತೆ ಉಣುಗು (ಉಣ್ಣೆ ಹುಳ) ಬರುತ್ತೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದ ಕ್ಯಾಸನೂರು ಕಾಡು ನಮ್ಮ ಸೊರಬ ತಾಲ್ಲೂಕಿನದೇ. ಕಾಡಿನ ದರಗನ್ನು ಮನೆಯೊಳಗೆ ತರೋದು ಮನುಷ್ಯರಿಗೂ ಕ್ಷೇಮ ಅಲ್ಲ. ಮರಿ ಮೈಮೇಲೆ ಉಣುಗು ಕಂಡರೆ ಚಿಮಟದಲ್ಲಿ ಬುಡಕ್ಕೆ ಹಿಡಿದು ಕೀಳಿ. ದನಕ್ಕೆ ಹೊಡೆಯುವ ಔಷಧಿ ಮರಿಗೂ ಬೇಡ, ಮರಿ ಚೀಪುವ ಮೊಲೆಗೂ ಬೇಡ.

ಬಿಸಿ: ಮೊದಲ ವಾರ ಮರಿ ಮಲಗುವ ಮಟ್ಟದಲ್ಲಿ 29ರಿಂದ 32 ಡಿಗ್ರಿ ಇರಬೇಕು, ಎರಡನೇ ವಾರ 26-27. ಈ ವಯಸ್ಸಿನ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರಲ್ಲ. 60 ವ್ಯಾಟಿನ ಹಳೇ ತಂತಿ ಬಲ್ಬು ಪೆಟ್ಟಿಗೆಯ ಒಂದೇ ಮೂಲೆಗೆ, ಎರಡೂವರೆ ಮೂರು ಅಡಿ ಮೇಲೆ (ಎಲ್‌ಇಡಿ ಬಿಸಿ ಕೊಡಲ್ಲ). ಇನ್ನೊಂದು ಮೂಲೆ ತಂಪಾಗಿರಲಿ, ಮರಿ ತಾನೇ ಸರಿಯುತ್ತೆ. ಒಂದರ ಮೇಲೊಂದು ರಾಶಿ ಬಿದ್ದು ಅಳುತ್ತಿದ್ದರೆ ಚಳಿ; ದೂರ ದೂರ ಚೆಲ್ಲಿ ಬಾಯಿ ತೆರೆದಿದ್ದರೆ ಸೆಕೆ. ಈ ಮಳೆಯಲ್ಲಿ ಕರೆಂಟು ನಂಬುವ ಹಾಗಿಲ್ಲ. ಬಾಟಲಿಗೆ ಬಿಸಿನೀರು ತುಂಬಿ ಎರಡು ಸುತ್ತು ಟವೆಲ್ ಸುತ್ತಿ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಮಾತ್ರ ಖಂಡಿತ ಬೇಡ, ವಿಷಗಾಳಿಗೆ ನಾಯಿಯೂ ಹೋಗುತ್ತೆ, ಕಾವಲು ಮಲಗಿದವರೂ ಹೋಗ್ತಾರೆ.

ಹಾಳೆಟೊಪ್ಪಿ:
ಇನ್ನು ಸಾಗಿಸೋದು. ಇಬ್ಬರು ಬೇಕು. ಅನ್ನ ಹಾಕುವವರು ತಾಯಿಯನ್ನು ಹೊರಗೆ ಕರೆಯಲಿ, ಒಳಗೆ ಹೋಗಿ ಎಳೆಯೋದು ಬೇಡ. ಕೊಟ್ಟಿಗೆಯಿಂದ ಹತ್ತು ಅಡಿ ಆಚೆ ಬೇಯಿಸಿದ ಕೋಳಿ, ಮೊಟ್ಟೆ, ಅನ್ನ ಇಟ್ಟು ದೂರ ನಿಲ್ಲಿ. ಹಸಿದ ಬಾಣಂತಿ ಬರುತ್ತೆ. ಉಣ್ಣುವಾಗ ಸರಪಳಿ ಹಾಕಿ ತೋಟದ ಕಡೆ ನಡೆಸಿ, ಮನೆ ಕಾಣದಷ್ಟು ದೂರ. ದೂರ ಯಾಕೆಂದರೆ ಎತ್ತಿದ ಕೂಡಲೇ ಮರಿ ಕಿರುಚುತ್ತೆ, ಆ ಸದ್ದು ಕಿವಿಗೆ ಬಿದ್ದರೆ ಸರಪಳಿ ಕಿತ್ತುಕೊಂಡು ಬರುತ್ತೆ.

ಅಷ್ಟರಲ್ಲಿ ಇನ್ನೊಬ್ಬರು ಬುಟ್ಟಿಗೆ ಹಳೇ ಗೋಣಿಯ ಒಣಗಿದ ತುಂಡು ಹಾಸಿ ಆರೂ ಮರಿಗಳನ್ನು ಒಂದೇ ಸಲಕ್ಕೆ ಒಯ್ಯಬೇಕು. ಎರಡು ಕಂತು ಮಾಡಿದರೆ ತಾಯಿ ಉಳಿದವನ್ನು ಹುಡುಕುತ್ತಾ ನಿಲ್ಲುತ್ತೆ. ಎದೆ ಅಡಿಗೆ ಒಂದು ಅಂಗೈ, ಹಿಂಗಾಲಿಗೆ ಇನ್ನೊಂದು. ಕತ್ತಿನ ಚರ್ಮ ಹಿಡಿದು ಎತ್ತಬೇಡಿ. ಆ ತುಂಡನ್ನೂ ಹೊಸ ಪೆಟ್ಟಿಗೆಗೇ ಹಾಕಿ. ಸೌದೆ ಕೊಟ್ಟಿಗೆಗೆ ಹಲಗೆ ಅಡ್ಡ ಇಟ್ಟು ಭದ್ರ ಮಾಡಿ, ಇಲ್ಲದಿದ್ದರೆ ರಾತ್ರಿ ಒಂದೊಂದಾಗಿ ಕಚ್ಚಿಕೊಂಡು ವಾಪಸ್ ಅಲ್ಲಿಗೇ. ತಾಯಿಯನ್ನು ಕೊಟ್ಟಿಗೆ ದಾರಿ ಬಿಟ್ಟು ನೇರ ಹೊಸ ಕೋಣೆಗೆ ತನ್ನಿ, ಬಾಗಿಲಲ್ಲೇ ಸರಪಳಿ ಬಿಚ್ಚಿ ಹೊರಟುಬಿಡಿ. ಕಾಲಿಗೆ ಇಂಬಳ (ಜಿಗಣೆ) ಹತ್ತಿದ್ದರೆ ಒಳಗೆ ಬಿಡುವ ಮೊದಲೇ ಕಿತ್ತು ಹಾಕಿ, ಮರಿ ಹತ್ತಿರ ಉಪ್ಪು ಸುಣ್ಣ ಬೇಡ. (ಮೇಲಿನ ಇಂಬಳ ಅವರು ಬೇಜಾರಾಗಬಾರದು.)

ಒಳಗೆ ಹೋಗಿ ಮರಿ ಕಚ್ಚಿಕೊಂಡು ಸುತ್ತು ಹೊಡೆದರೆ ಗಾಬರಿ ಬೇಡ. ಕಿಟಕಿಗೆ ಗೋಣಿ ಇಳಿಬಿಟ್ಟು ಕತ್ತಲು ಮಾಡಿ, ಯಾರೂ ಇಣುಕಬೇಡಿ.

ನಾಳೆಯಿಂದ ದಿನಾ ಮೂರು ಹೊತ್ತು ಇದೇ ಕ್ರಮ: ಊಟ ಹೊರಗೆ, ತಾಯಿ ಹೊರಗೆ, ಬಾಗಿಲು ಹಾಕಿಕೊಂಡು ಐದು ನಿಮಿಷದಲ್ಲಿ ಒಳಗಿನ ಕೆಲಸ. ಅದರ ಕಣ್ಣೆದುರು ಮರಿ ಎತ್ತುವ ಅಗತ್ಯವೇ ಬರಲ್ಲ. ನೀರು ಮಾತ್ರ ಕೋಣೆಯೊಳಗೇ ಇರಲಿ, ಪೆಟ್ಟಿಗೆಯಿಂದ ಆಚೆ. ಮಗುವಿಗೆ ಮೂರು ವಾರ ಆ ಕೋಣೆ ಇಲ್ಲ.

ತೋಟದಂಚು:
ಮಧ್ಯಾಹ್ನ ಸಾಗಿಸಿ ಆಯ್ತು. ಒಂದು ಸಲ ಬಾಗಿಲು ಕೆರೆಯಿತು, ಈಗ ಮಲಗಿದೆ. ಅಡುಗೆ ತಕ್ಕಡಿಯಲ್ಲಿ ತೂಗಿದೆವು: ಐದು ಮರಿ 390ರಿಂದ 440 ಗ್ರಾಂ, ಸಣ್ಣದು 230. ಅದರ ಬಾಯೊಳಗೆ ಬೆರಳಿಟ್ಟರೆ ತಣ್ಣಗಿದೆ, ಚೀಪುತ್ತಿಲ್ಲ. ಹಸುವಿನ ಹಾಲು ಕಾಯಿಸಿ ಇಟ್ಟಿದ್ದೇವೆ, ಕುಡಿಸಲಾ?

ಗಂಟಲುಪಟ್ಟಿ:
ತಡೀರಿ, ಹಾಲು ಈಗ ಬೇಡ. ಬಾಯಿ ತಣ್ಣಗಿದೆ ಅಂದರೆ ಕರುಳೂ ನಿಂತಿದೆ. ಕುಡಿಸಿದ ಹಾಲು ಹೊಟ್ಟೆಯಲ್ಲೇ ಹುಳಿಯುತ್ತೆ, ಇಲ್ಲ ಶ್ವಾಸಕೋಶಕ್ಕೆ ಇಳಿಯುತ್ತೆ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದೊಳಗೆ ಅರ್ಧ ಸೆಂಟಿಮೀಟರು ಇಟ್ಟು ನೋಡಿ. ಮೊದಲ ವಾರದ ಮರಿಗೆ 35ರಿಂದ 37.2 ಡಿಗ್ರಿ ಸಹಜ. 35ಕ್ಕಿಂತ ಕಡಿಮೆ ಇದ್ದರೆ ಅಂಗಿಯೊಳಗೆ ಮೈಗೆ ತಾಗಿಸಿ, ಮೇಲೆ ಕಂಬಳಿ ಹೊದ್ದು ಒಂದೆರಡು ಗಂಟೆ ಕೂರಿ. ಬಿಸಿನೀರಿಗೆ ಅದ್ದೋದು, ಒಲೆ ಮುಂದೆ ಹಿಡಿಯೋದು ಬೇಡ. ಗಡಿಬಿಡಿಯಲ್ಲಿ ಬಿಸಿ ಮಾಡಿದರೂ ಮರಿ ಹೋಗುತ್ತೆ.

ಕಾದ ಮೇಲೆ ಬಾಯಿ ತೆರೆದು ಅಂಗುಳ ನೋಡಿ, ಸೀಳಿದ್ದರೆ ಚೀಪಲು ಆಗಲ್ಲ. ಸರಿ ಇದ್ದರೆ ಹಿಂಗಾಲಿನ ನಡುವಿನ ಮೊಲೆಗೆ ಹಾಕಿಸಬೇಕು, ಅಲ್ಲೇ ಹಾಲು ಜಾಸ್ತಿ. ಅನ್ನ ಹಾಕುವವರು ಒಬ್ಬರೇ ಇದನ್ನು ಮಾಡಲಿ: ತಾಯಿ ಹೊರಗೆ ಹೋದಾಗ ಸಣ್ಣ ಮರಿಯನ್ನು ಅದು ಮಲಗುವ ಜಾಗದಲ್ಲಿ ಇಟ್ಟು, ದೊಡ್ಡವೆರಡನ್ನು ಇಪ್ಪತ್ತು ನಿಮಿಷ ಬೆಚ್ಚಗಿನ ಬುಟ್ಟಿಯಲ್ಲಿ ಬೇರೆ ಕೋಣೆಗೆ ಒಯ್ಯಿರಿ. ಪೈಪೋಟಿ ಕಡಿಮೆಯಾಗುತ್ತೆ. ತಾಯಿ ಹುಡುಕಾಡಿದರೆ ತಕ್ಷಣ ವಾಪಸ್ ಇಡಿ.

ಆಗಲೂ ಚೀಪದಿದ್ದರೆ ಮೇಲುಹಾಲು. ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಹಸುವಿನ ಹಾಲಿನ ಎರಡರಷ್ಟಿದೆ, ಲ್ಯಾಕ್ಟೋಸು ಕಡಿಮೆ. ಹಾಗಾಗಿ ಬರೀ ಹಸುವಿನ ಹಾಲಿಗೆ ಭೇದಿ ಹತ್ತುತ್ತೆ, ತೂಕವೂ ಏರಲ್ಲ. ನಾಯಿಮರಿಗೆಂದೇ ಮಾಡಿದ ಹಾಲಿನ ಪುಡಿಯನ್ನು ಶಿವಮೊಗ್ಗದಿಂದ ತರಿಸಿ, ಡಬ್ಬಿ ಮೇಲಿನ ಅಳತೆಗೇ ಕಲಸಿ. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ 4 ಮಿಲಿ ಗರಿಷ್ಠ, ಅಂದರೆ ನಿಮ್ಮ ಮರಿಗೆ 9. ಮೊದಲ ಎರಡು ಸಲ 4-5 ಮಿಲಿ ಸಾಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಹಾಲು ಮೈ ಬಿಸಿಯಷ್ಟಿರಲಿ. ಮರಿ ಹೊಟ್ಟೆ ಕೆಳಗೆ ಮಾಡಿ ಮಲಗಿರಬೇಕು, ತಲೆ ಸ್ವಲ್ಪ ಮೇಲೆ. ಮಗುವಿನ ಹಾಗೆ ಅಂಗಾತ ಹಿಡಿದು ಕುಡಿಸಿದರೆ ನ್ಯುಮೋನಿಯಾ ಗ್ಯಾರಂಟಿ. ಮೂಗಿನಲ್ಲಿ ಹಾಲು ಬಂದರೆ ನಿಲ್ಲಿಸಿ. ಕುಡಿದ ಮೇಲೆ ಬೆಚ್ಚನೆ ಒದ್ದೆ ಹತ್ತಿಯಿಂದ ಹೊಟ್ಟೆ ಅಡಿ ನಯವಾಗಿ ಉಜ್ಜಿ ಮೂತ್ರ ಮಾಡಿಸಿ. ಮೂರು ವಾರದ ತನಕ ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಮೂತ್ರ ಗಾಢ ಹಳದಿ ಬಂದರೆ ಮೈಯಲ್ಲಿ ನೀರಿಲ್ಲ, ಆಸ್ಪತ್ರೆಗೆ ಹೊರಡಿ.

ತೂಗುವಾಗ ತಕ್ಕಡಿ ಮೇಲೆ ಅಡಿಕೆ ಹಾಳೆ ತಟ್ಟೆ ಇಟ್ಟು ಸೊನ್ನೆ ಮಾಡಿ. ಮರಿ ಜಾರಲ್ಲ, ತಣ್ಣನೆ ಸ್ಟೀಲೂ ತಾಗಲ್ಲ. ದಿನಾ ಒಂದೇ ಹೊತ್ತಿಗೆ. ದಿನಕ್ಕೆ ಶೇ 5ರಿಂದ 10 ಏರಬೇಕು, ಹುಟ್ಟಿದ ತೂಕ 7ರಿಂದ 10 ದಿನಕ್ಕೆ ಎರಡರಷ್ಟಾಗಬೇಕು. ಅಳು ಶುರುವಾಗುವ ಮೊದಲೇ ತಕ್ಕಡಿ ಹೇಳಿಬಿಡುತ್ತೆ. ಆರೂ ಒಂದೇ ಬಣ್ಣದವಾದರೆ ಬೆನ್ನಿನ ಮೇಲೆ ಒಂದೊಂದು ಕಡೆ ಒಂಚೂರು ಕೂದಲು ಕತ್ತರಿಸಿ ಗುರುತು ಮಾಡಿ. ಕತ್ತಿಗೆ ದಾರ ಕಟ್ಟಬೇಡಿ.

ತುಂಗೆ ದಂಡೆ:
ತಾಯಿಯ ಮೈಯನ್ನೂ ನೋಡಿ, ಎಲ್ಲ ಸಿಟ್ಟೂ ಮರಿಗಾಗಿ ಅಲ್ಲ. ಮೊಲೆ ಕಲ್ಲಾಗಿ, ಬಿಸಿಯಾಗಿ, ಕೆಂಪು ನೀಲಿ ತಿರುಗಿದ್ದರೆ ಕೆಚ್ಚಲು ಬಾವು; ಚೀಪಿದರೆ ನೋವು, ಅದಕ್ಕೇ ಮರಿಗೂ ಗುರ್. ಹಿಂದಿನಿಂದ ಕಂದುಗೆಂಪು ಸ್ರಾವ ಕೆಲವು ವಾರ ಇದ್ದದ್ದೇ, ಆದರೆ ಕೊಳೆತ ನಾತ ಬಂದರೆ ಗರ್ಭಕೋಶಕ್ಕೆ ಸೋಂಕು. ಜ್ವರ 39.5 ದಾಟಿದರೆ ಕಾಯಬೇಡಿ.

ಎಲ್ಲಕ್ಕಿಂತ ಅವಸರದ್ದು ಕ್ಯಾಲ್ಸಿಯಂ ಇಳಿಯೋದು. ಒಂದರಿಂದ ನಾಲ್ಕು ವಾರದೊಳಗೆ ಹೆಚ್ಚು. ಏದುಸಿರು, ನಿಂತಲ್ಲಿ ನಿಲ್ಲದಿರೋದು, ಹಿಂಗಾಲು ಮರದ ಹಾಗೆ ಸೆಟೆಯೋದು, ನಡುಕ. ಕೆಲವೇ ಗಂಟೆಗಳಲ್ಲಿ ಫಿಟ್ಸಿಗೆ ಹೋಗುತ್ತೆ. ಮರಿ ಬೇರೆ ಮಾಡಿ, ಹತ್ತಿರದ ಪಶು ಆಸ್ಪತ್ರೆಗೆ ಓಡಿ. ದೂರವಾದರೂ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿಕೊಂಡೇ ಹೊರಡಿ. ಕ್ಯಾಲ್ಸಿಯಂ ಸೂಜಿ ನಿಧಾನಕ್ಕೆ ರಕ್ತನಾಳಕ್ಕೆ ಹೋಗಬೇಕು, ಡಾಕ್ಟರೇ ಕೊಡಬೇಕು. ದನಕ್ಕೆ ತಂದಿಟ್ಟ ಬಾಟಲಿಯನ್ನು ಮನೆಯಲ್ಲೇ ಚುಚ್ಚಿ ನಾಯಿ ಕಳಕೊಂಡವರಿದ್ದಾರೆ.

ತೋಟದಂಚು:
ಎರಡು ಗಂಟೆಯಲ್ಲಿ 35.8ಕ್ಕೆ ಬಂತು, ಮೊಲೆ ಹಿಡಿದಿದೆ. ತಾಯಿಯ ಮೊಲೆ ಮೆತ್ತಗಿದೆ, ನಾತ ಇಲ್ಲ. ಇನ್ನೆರಡು ಪ್ರಶ್ನೆ: ಕಚ್ಚಿಬಿಟ್ಟರೆ? ಈ ಕಾವಲು ಎಷ್ಟು ದಿನ?

ಹಾಳೆಟೊಪ್ಪಿ:
ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅರಿಶಿನ ಮೆತ್ತಬೇಡಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಸೂಜಿ ಶುರು ಮಾಡಿ. ನಮ್ಮ ಮನೆ ನಾಯಿಯೇ ಅಂತ ಬಿಡಬೇಡಿ.

ಸಿಟ್ಟು ಮೊದಲ ಎರಡು ವಾರ ಜೋರು. 10ರಿಂದ 14ನೇ ದಿನಕ್ಕೆ ಮರಿ ಕಣ್ಣು ಬಿಡುತ್ತೆ, ಮೂರನೇ ವಾರ ಎದ್ದು ಓಡಾಡುತ್ತೆ, ತಾಯಿ ತಾನೇ ಜಗಲಿಗೆ ಬಂದು ಮಲಗೋಕೆ ಶುರು ಮಾಡುತ್ತೆ. ಆಗ ಮನೆಯವರು ಒಬ್ಬೊಬ್ಬರಾಗಿ, ಕೂತುಕೊಂಡು, ಕೈಯಲ್ಲಿ ತಾಯಿಗೆ ತಿಂಡಿ ಹಿಡಿದು ಹೋಗಬಹುದು. ಮಗು ಕೊನೆಗೆ, ದೊಡ್ಡವರ ಪಕ್ಕದಲ್ಲೇ.

14ನೇ ದಿನಕ್ಕೆ ಮರಿಗೂ ತಾಯಿಗೂ ಜಂತು ಔಷಧಿ, ತೂಕ ಹೇಳಿ ಡಾಕ್ಟರಿಂದ ಬರೆಸಿಕೊಳ್ಳಿ; ಆಮೇಲೆ ಹದಿನೈದು ದಿನಕ್ಕೊಮ್ಮೆ. ಕೊಕ್ಕೆಹುಳ ತಾಯಿ ಹಾಲಿನಲ್ಲೇ ಬರುತ್ತೆ, ನಮ್ಮ ಕಡೆಯ ಒದ್ದೆ ಮಣ್ಣಿನಲ್ಲಿ ಬೇಕಾದಷ್ಟಿದೆ. ಒಸಡು ಬೆಳ್ಳಗಾದರೆ ಆ ದಿನಕ್ಕೂ ಕಾಯಬೇಡಿ.

ಮತ್ತೆ ಆ ಬಾಗಿಲು ಕೆರೆಯಿತು ಅಂದಿರಲ್ಲ, ಚಿಲಕ ಒಂದು ಸಲ ನೋಡಿ. ಮಳೆಗೆ ಉಬ್ಬಿದ ಹಲಗೆಗೆ ಅರ್ಧವೇ ಬಿದ್ದಿರುತ್ತೆ.