ಪುಟ್ಟಿಯ ಬೂಟು, ಮನೆ ಗ್ರೂಪಿನ ಗಲಾಟೆ

ಜುಲೈ 5, ಭಾನುವಾರ ಬೆಳಗ್ಗೆ ನಮ್ಮ ಮನೆ ಗ್ರೂಪಿನಲ್ಲಿ ನಡೆದದ್ದು ಇದು. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ. ಪುಟ್ಟಿ ನನ್ನ ದೊಡ್ಡಪ್ಪನ ಮಗಳು, ಡಲ್ಲಾಸ್ ಹತ್ತಿರ ಕೆಲಸ. ಅಲ್ಲಿ ಆಗ ಶನಿವಾರ ರಾತ್ರಿ.

7:34 ಪುಟ್ಟಿ: (ಫೋಟೋ) ಇವತ್ತು ಜುಲೈ ನಾಲ್ಕರ ರಜೆ. ಫೋರ್ಟ್ ವರ್ತ್‌ಗೆ ಹೋಗಿದ್ದೆವು. ಅಲ್ಲಿ ಸ್ಟಾಕ್‌ಯಾರ್ಡ್ಸ್ ಅಂತ ಹಳೆಯ ದನದ ಸಂತೆ ಇದೆ. ದಿನಕ್ಕೆ ಎರಡು ಸಲ ರಸ್ತೆಯಲ್ಲೇ ದನ ಹೊಡೆದುಕೊಂಡು ಬರುತ್ತಾರೆ. ಹುಲ್ಲಿನ ಟೋಪಿ, ಬಿಳಿ ಕಾಟನ್ ಫ್ರಾಕು, ಬೂಟು. ಹೇಗಿದೆ?

7:36 ದೊಡ್ಡಮ್ಮ: ಚೆನ್ನಾಗಿದೆ ಮಗಳೇ. ಸ್ವಲ್ಪ ಕಪ್ಪಾಗಿದ್ದೀಯ.

7:41 ಅತ್ತೆ: ಹೋದ ಬೇಸಿಗೆಯಲ್ಲಿ ಮದುವೆಗೆ ಬಂದಾಗ ಸೀರೆ ಉಡು ಅಂದರೆ "ಸೆಕೆ ಅತ್ತೆ" ಅಂದಳು ಈ ಹುಡುಗಿ. ಈಗ ಮೊಣಕಾಲಿನ ತನಕ ಚರ್ಮದ ಬೂಟು ಹಾಕಿದ್ದಾಳೆ. ಅಲ್ಲಿ ಸೆಕೆ ಇಲ್ವಾ?

7:42 ಪುಟ್ಟಿ: ಇದೆ ಅತ್ತೆ. 38 ಡಿಗ್ರಿ.

7:42 ಅತ್ತೆ: ನೋಡಿದಿರಾ!

7:50 ದೊಡ್ಡಪ್ಪ: ಓದದಿದ್ದರೆ ದನ ಕಾಯಲು ಕಳಿಸುತ್ತೇನೆ ಎಂದು ಹತ್ತನೇ ಕ್ಲಾಸಿನಲ್ಲಿ ಹೆದರಿಸಿದ್ದೆ. ಪಾಪ, ಹೆದರಿ ಓದಿದಳು. ಇಂಜಿನಿಯರಿಂಗ್ ಮಾಡಿದಳು. ಸಾಲ ಮಾಡಿ ಅಮೆರಿಕಕ್ಕೆ ಕಳಿಸಿದೆ. ಈಗ ನೋಡಿದರೆ ದನ ಕಾಯುವ ವೇಷದಲ್ಲೇ ನಿಂತಿದ್ದಾಳೆ. ಬೂಟಿಗೆ ಎಷ್ಟಾಯಿತು?

7:51 ಪುಟ್ಟಿ: ಸೆಕೆಂಡ್ ಹ್ಯಾಂಡ್ ಅಪ್ಪ. 60 ಡಾಲರ್.

7:51 ದೊಡ್ಡಪ್ಪ: ಬೇರೆಯವರು ಹಾಕಿ ಬಿಟ್ಟ ಚಪ್ಪಲಿಗೆ ಐದು ಸಾವಿರ!

7:55 ಭಾವ: ಇದು ಈಗ ದೊಡ್ಡ ಫ್ಯಾಷನ್ ಮಾವ. ಕೌಗರ್ಲ್ ಸ್ಟೈಲ್ ಅನ್ನುತ್ತಾರೆ, ಅಲ್ಲಿ ಕುದುರೆ ಹತ್ತಿ ದನ ಕಾಯುವ ಹೆಂಗಸರ ಉಡುಗೆ. ಹೂಸ್ಟನ್‌ನಲ್ಲೇ ಹುಟ್ಟಿದ ಗಾಯಕಿ ಬಿಯಾನ್ಸೆ 2024ರಲ್ಲಿ ಕಂಟ್ರಿ ಹಾಡುಗಳನ್ನು (ಅಲ್ಲಿನ ಹಳ್ಳಿ ಕಡೆಯ ಶೈಲಿ) ತಂದ ಮೇಲೆ ಜಾಸ್ತಿಯಾಯಿತು. ಹಾಡಿನ ಕಾರ್ಯಕ್ರಮಕ್ಕೆ ಬರುವವರೆಲ್ಲ ಇದೇ ಬೂಟು, ಇದೇ ಟೋಪಿ.

7:58 ಅತ್ತೆ: ಅದೇ ನಾನು ಹೇಳಿದ್ದು. ವೇಷ.

8:02 ಪುಟ್ಟಿ: ವೇಷ ಅಲ್ಲ ಅತ್ತೆ, ಒಂದೊಂದಕ್ಕೂ ಕಾರಣ ಇದೆ. ಬೂಟಿನ ಮೂತಿ ಚೂಪಾಗಿದ್ದರೆ ರಿಕಾಪಿಗೆ, ಅಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಗೆ, ಕಾಲು ಬೇಗ ಸಿಗುತ್ತದೆ. ಹಿಮ್ಮಡಿ ಎತ್ತರ ಇದ್ದರೆ ಕಾಲು ಪೂರ್ತಿ ಒಳಗೆ ಜಾರುವುದಿಲ್ಲ. ಜಾರಿ ಸಿಕ್ಕಿಕೊಂಡರೆ, ಬಿದ್ದ ಮನುಷ್ಯನನ್ನು ಕುದುರೆ ಎಳೆದುಕೊಂಡೇ ಓಡುತ್ತದೆ. ಉದ್ದದ ಚರ್ಮ ಮುಳ್ಳು, ಹಾವುಗಳಿಗೆ.

8:03 ಅತ್ತೆ: ನೀನು ಯಾವ ಕುದುರೆ ಹತ್ತಿದ್ದೆ?

8:05 ಪುಟ್ಟಿ: ಪಾರ್ಕಿಂಗ್‌ನಿಂದ ನಡೆದುಕೊಂಡು ಹೋದೆ.

(ನಗುವ ಮುಖಗಳು, ಹನ್ನೊಂದು. ಒಂದು ಅಜ್ಜಿಯ ಫೋನಿನಿಂದ. ಅದನ್ನು ಒತ್ತಿದ್ದು ತಮ್ಮ ಇರಬೇಕು.)

8:10 ನಾನು: ಅತ್ತೆ, ಜೀನ್ಸ್ ಕೂಡ ಕೂಲಿ ಮಾಡುವವರ ಬಟ್ಟೆಯೇ. ಜೇಬು ಹರಿಯಬಾರದು ಅಂತ ಜೇಕಬ್ ಡೇವಿಸ್ ಎಂಬ ದರ್ಜಿ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ. 1873ರಲ್ಲಿ ಲೀವೈ ಸ್ಟ್ರಾಸ್ ಜೊತೆ ಸೇರಿ ಪೇಟೆಂಟ್ ಪಡೆದ. ಹೆಂಗಸರಿಗೆ ಅಂತಲೇ ಲೀವೈಸ್ ಜೀನ್ಸ್ ಬಂದದ್ದು 1934ರಲ್ಲಿ. ಈಗ ಅದನ್ನು ಹಾಕಿಕೊಂಡು ಕಾಲೇಜಿಗೆ ಹೋಗುವವರು ಗಣಿ ಅಗೆಯುತ್ತಾರಾ? ನಿಮ್ಮ ಮನೆಯಲ್ಲೂ ಒಬ್ಬಳು ಇದ್ದಾಳೆ.

8:11 ಅತ್ತೆ: ನನ್ನ ಮಗಳ ವಿಷಯ ಇಲ್ಲಿ ಯಾಕೆ ಬಂತು?

(ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ನನ್ನದೇ ತಪ್ಪು.)

8:22 ಭಾವ: ಅತ್ತೆ ಹೇಳುವುದರಲ್ಲೂ ಅರ್ಧ ಸತ್ಯ ಇದೆ. ಕೌಗರ್ಲ್ ಅಂದ ಕೂಡಲೇ ಎಲ್ಲರೂ ಆನಿ ಓಕ್ಲಿ ಹೆಸರು ಹೇಳುತ್ತಾರೆ. ಆಕೆ ದನ ಕಾದವಳೇ ಅಲ್ಲ. ಒಹಾಯೋದವಳು, ಬಂದೂಕಿನ ಗುರಿಗೆ ಹೆಸರಾದವಳು. 1885ರಲ್ಲಿ ಬಫಲೋ ಬಿಲ್ ಎಂಬಾತನ ಕೌಬಾಯ್ ಪ್ರದರ್ಶನಕ್ಕೆ ಸೇರಿದಳು. ಟಿಕೆಟ್ ಕೊಟ್ಟು ಬಂದವರಿಗೆ ದೂರದಿಂದಲೂ ಕಾಣಬೇಕಲ್ಲ, ಅದಕ್ಕೆ ಜಾಲರಿ, ಕಸೂತಿ, ಅಗಲ ಟೋಪಿ. ನಮ್ಮ ಕಂಪನಿ ನಾಟಕದವರ ಹಾಗೆ. ನಾವು ಇವತ್ತು ನೋಡುವ ಕೌಗರ್ಲ್ ಬಟ್ಟೆಯಲ್ಲಿ ಹೊಲದ್ದಕ್ಕಿಂತ ರಂಗದ್ದೇ ಜಾಸ್ತಿ.

8:24 ಅತ್ತೆ: ಅಳಿಯಂದಿರು ಓದಿಕೊಂಡವರು. ಕೇಳಿಸಿಕೋ ಪುಟ್ಟಿ.

8:31 ಪುಟ್ಟಿ: ಸರಿ ಭಾವ, ಜಾಲರಿ ನಿಮಗೆ ಬಿಟ್ಟೆ. ಆದರೆ ನಿಜವಾಗಿ ಕುದುರೆ ಹತ್ತಿದ ಹೆಂಗಸರೂ ಇದ್ದರು. ಫೋರ್ಟ್ ವರ್ತ್‌ನಲ್ಲಿ ಅವರಿಗೇ ಒಂದು ಮ್ಯೂಸಿಯಂ ಇದೆ, ಹೋದ ವರ್ಷ ನೋಡಿದೆ. ಪಳಗದ ಕುದುರೆ ಮೇಲೆ ಕೂರುವ ಪಂದ್ಯದಲ್ಲಿ ಹೆಂಗಸರೂ ಕೂರುತ್ತಿದ್ದರು. 1929ರಲ್ಲಿ ಒರೆಗಾನ್‌ನ ಪೆಂಡಲ್ಟನ್‌ನಲ್ಲಿ ಬಾನಿ ಮೆಕ್‌ಕ್ಯಾರೆಲ್ ಕೂತಿದ್ದ ಕುದುರೆ ಬಿತ್ತು. ಹೆಂಗಸರಿಗೆ ಸುಲಭವಾಗಲಿ ಎಂದು ಎರಡೂ ರಿಕಾಪುಗಳನ್ನು ಕುದುರೆ ಹೊಟ್ಟೆಯ ಕೆಳಗೆ ಕಟ್ಟುತ್ತಿದ್ದರಂತೆ. ಕಾಲು ಬಿಡಿಸಿಕೊಳ್ಳಲು ಆಗಲಿಲ್ಲ. ಆ ಪೆಟ್ಟಿನಿಂದ ತೀರಿಕೊಂಡರು. ಅದಾದ ಮೇಲೆ ರಿಕಾಪು ಕಟ್ಟುವುದನ್ನು ಬಿಡಲಿಲ್ಲ, ಹೆಂಗಸರ ಪಂದ್ಯವನ್ನೇ ಬಿಟ್ಟರು!

8:32 ನಾನು: ಆಮೇಲೆ?

8:34 ಪುಟ್ಟಿ: ಆಮೇಲೆ ರೋಡಿಯೋಗಳಲ್ಲಿ, ಅಂದರೆ ಇಂಥ ಕುದುರೆ, ದನದ ಪಂದ್ಯಗಳಲ್ಲಿ, ಹೆಂಗಸರನ್ನು ಚೆಂದಕ್ಕೆ ಮಾತ್ರ ಕರೆಯುವುದು ಜಾಸ್ತಿಯಾಯಿತು. ಕೊನೆಗೆ 1948ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಜೆಲೋದಲ್ಲಿ 38 ಹೆಂಗಸರು ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಈಗಲೂ ಇದೆ. ಮೂರು ಡ್ರಮ್ ಸುತ್ತ ಕುದುರೆ ಓಡಿಸುವ ಪಂದ್ಯ ನೋಡಿ ಅತ್ತೆ, ಉಸಿರು ನಿಲ್ಲುತ್ತದೆ. ಶಾರ್ಮೇನ್ ಜೇಮ್ಸ್ ಎನ್ನುವವರು ಸ್ಕ್ಯಾಂಪರ್ ಎಂಬ ಒಂದೇ ಕುದುರೆಯ ಮೇಲೆ 1984ರಿಂದ ಸತತ ಹತ್ತು ವರ್ಷ ಗೆದ್ದರು.

8:37 ಅತ್ತೆ: ಅವರು ಹಾಕಿಕೊಳ್ಳಲಿ. ಹಕ್ಕಿದೆ. ನೀನು ಲ್ಯಾಪ್‌ಟಾಪ್ ಮುಂದೆ ಕೂರುವವಳು.

ನಿಜ ಹೇಳಬೇಕೆಂದರೆ ಇಲ್ಲಿ ನಾನೂ ಅತ್ತೆಯ ಕಡೆ ವಾಲಿದ್ದೆ. ಗ್ರೂಪಿನಲ್ಲಿ ಹೇಳಲಿಲ್ಲ.

8:45 ಚಿಕ್ಕಪ್ಪ: ಫೋಟೋದಲ್ಲಿ ಪುಟ್ಟಿಯ ಹಿಂದೆ ನಿಂತಿರುವುದನ್ನು ಯಾರೂ ನೋಡಲಿಲ್ಲವಾ? ಟೆಕ್ಸಾಸ್ ಲಾಂಗ್‌ಹಾರ್ನ್. ಸ್ಪೇನಿನವರು ತಂದ ದನದ ಸಂತತಿ. ಕೊಂಬು ತುದಿಯಿಂದ ತುದಿಗೆ ಆರು ಅಡಿ ದಾಟುವುದುಂಟು. ನಮ್ಮ ಹಳ್ಳಿಕಾರ್ ಕೊಂಬು ಹಿಂದಕ್ಕೆ ಹೋದರೆ ಇದರದು ಅಕ್ಕಪಕ್ಕಕ್ಕೆ. ಎಂಥಾ ಪ್ರಾಣಿ!

8:46 ದೊಡ್ಡಪ್ಪ: ನೀನು ರಿಟೈರ್ ಆದರೂ ಪಶು ಆಸ್ಪತ್ರೆ ಬಿಡಲಿಲ್ಲ.

8:49 ಚಿಕ್ಕಪ್ಪ: ಕೇಳಣ್ಣ. ಈ ಟೋಪಿ, ಹಗ್ಗ, ಚರ್ಮದ ಕಾಲುಕವಚ, ಯಾವುದೂ ಬಿಳಿಯರ ಸ್ವಂತದ್ದಲ್ಲ. ಮೆಕ್ಸಿಕೋದ ದನಗಾಹಿಗಳಿಂದ ಕಲಿತದ್ದು. ಅವರಿಗೆ ವಕೇರೋ ಅನ್ನುತ್ತಾರೆ. ವಾಕಾ ಅಂದರೆ ಹಸು. ಆ ಕಾಲದ ಕೌಬಾಯ್‌ಗಳಲ್ಲಿ ನಾಲ್ಕರಲ್ಲಿ ಒಬ್ಬರು ಕಪ್ಪು ಜನ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಸಿನಿಮಾದವರು ಅವರನ್ನು ತೋರಿಸಲೇ ಇಲ್ಲ. ವೇಷ ಎಂದು ಬೈಯುವುದಾದರೆ ಪುಟ್ಟಿಯಿಂದಲೇ ಯಾಕೆ ಶುರು ಮಾಡಬೇಕು?

8:53 ಭಾವ: ಕತ್ತಿನಲ್ಲಿರುವ ಕೆಂಪು ಕರ್ಚೀಫು ನೋಡಿ. ಬಂಡಾನಾ. ದನದ ಹಿಂದೆ ಹೋಗುವವನು ಧೂಳಿಗೆ ಮೂಗು ಮುಚ್ಚಿಕೊಳ್ಳುವ ಬಟ್ಟೆ. ಆ ಹೆಸರು ನಮ್ಮ ಕಡೆಯದೇ. ಗಂಟು ಕಟ್ಟಿ ಬಣ್ಣ ಹಾಕುತ್ತಾರಲ್ಲ ಬಾಂಧನಿ, ಅದೇ ಬೇರು. ಒರಟು ಜೀನ್ಸಿಗೆ ಡಂಗರೀ ಎನ್ನುವ ಹೆಸರು ಬಂದದ್ದೂ ಮುಂಬಯಿಯ ಡೋಂಗ್ರಿಯಿಂದ.

8:54 ಅತ್ತೆ: ಅಂದರೆ ನಮ್ಮದನ್ನೇ ಅವರು ಕಟ್ಟಿಕೊಂಡದ್ದು!

8:54 ಚಿಕ್ಕಪ್ಪ: ಇಷ್ಟು ಹೊತ್ತು ವೇಷ. ಈಗ ನಮ್ಮದು.

8:55 ಅತ್ತೆ: ಕರ್ಚೀಫು ನಮ್ಮದು ಅಂದೆ. ಬೂಟು ಅನ್ನಲಿಲ್ಲ.

9:01 ದೊಡ್ಡಮ್ಮ: ಟೋಪಿ ಮಾತ್ರ ಒಳ್ಳೆಯದು. ಮುಖಕ್ಕೆ, ಕತ್ತಿಗೆ ಎರಡಕ್ಕೂ ನೆರಳು. ಮುಟ್ಟಾಳೆಯ ಹಾಗೆ ಹಗುರ ಇರುತ್ತದಾ?

9:03 ಪುಟ್ಟಿ: ಹುಲ್ಲಿನದು ಹಗುರ ಅಮ್ಮ, ಗಾಳಿಯೂ ಆಡುತ್ತದೆ. ಉಣ್ಣೆಯ ಥರದ ಫೆಲ್ಟ್ ಟೋಪಿ ಚಳಿಗಾಲಕ್ಕೆ. ಬೇಸಿಗೆಯಲ್ಲಿ ಫೆಲ್ಟ್ ಹಾಕಿದರೆ ಇಲ್ಲಿನ ಹಳಬರು ಹುಬ್ಬು ಏರಿಸುತ್ತಾರೆ. ಮೇಜಿನ ಮೇಲೆ ಇಡುವಾಗ ಅಂಗಾತ ಇಡಬೇಕು. ಕವುಚಿ ಇಟ್ಟರೆ ಅದೃಷ್ಟ ಸೋರಿಹೋಗುತ್ತದಂತೆ. ಅಂಚೂ ಸೊಟ್ಟಗಾಗುತ್ತದೆ.

9:04 ದೊಡ್ಡಮ್ಮ: ಬೂಟು?

9:06 ಪುಟ್ಟಿ: ಬೆಂದುಹೋಯಿತು ಕಾಲು. ಯಾರಿಗೂ ಹೇಳಬೇಡಿ. ಉದ್ದದ ಕಾಟನ್ ಸಾಕ್ಸ್ ಹಾಕಿದ್ದೆ, ಆದರೂ ಬಿಚ್ಚಲು ಇಬ್ಬರು ಎಳೆಯಬೇಕಾಯಿತು.

9:06 ಅತ್ತೆ: ಇಲ್ಲಿ ಇಪ್ಪತ್ತಮೂರು ಜನ ಇದ್ದೇವೆ. ಯಾರಿಗೂ ಹೇಳುವುದಿಲ್ಲ.

9:20 ಅಜ್ಜಿ: (ಧ್ವನಿ ಸಂದೇಶ, ಎರಡು ನಿಮಿಷ. ಅಜ್ಜಿಗೆ ಬರೆಯಲು ಬರುವುದಿಲ್ಲ. ಕೆಳಗಿನದು ನಾನು ಕೇಳಿ ಬರೆದದ್ದು.)

"ಪುಟ್ಟೀ, ಫೋಟೋ ದೊಡ್ಡದು ಮಾಡಿ ತೋರಿಸಿದರು. ಚೆನ್ನಾಗಿ ಕಾಣುತ್ತೀಯ. ನಿಮ್ಮಪ್ಪ ದನ ಕಾಯುವುದು ಅಂದರೆ ಶಿಕ್ಷೆ ಅಂತ ಹೇಳಿಕೊಟ್ಟಿದ್ದಾನೆ. ನಾನು ಮದುವೆಗೆ ಮುಂಚೆ ಆರು ವರ್ಷ ಕಾದೆ. ಮಳೆಗೆ ಕಂಬಳಿ ಕೊಪ್ಪೆ. ಬಿಸಿಲಿಗೆ ಸೆರಗು. ಕಾಲಿಗೆ ಏನೂ ಇರಲಿಲ್ಲ. ಬಳೆಗೆ ಒಂದು ಪಿನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದೆ, ಮುಳ್ಳು ತೆಗೆಯಲು. ಅಂಥ ಬೂಟು ಕೊಟ್ಟಿದ್ದರೆ ನಾನು ಸೆಕೆ ಅಂತ ಅನ್ನುತ್ತಿರಲಿಲ್ಲ. ಹಾಕಿಕೋ, ಯಾರ ಮಾತೂ ಕೇಳಬೇಡ. ಅದು ಸರಿ, ಅಷ್ಟು ದೊಡ್ಡ ಕೊಂಬಿನ ಹಸು, ಎಷ್ಟು ಹಾಲು ಕೊಡುತ್ತದೆ?"

ಅತ್ತೆ ಒಂದು ಕೆಂಪು ಹೃದಯ ಹಾಕಿದರು. ದೊಡ್ಡಪ್ಪ ಏನೂ ಹಾಕಲಿಲ್ಲ.

ಅಜ್ಜಿಯ ಪ್ರಶ್ನೆಗೆ ಉತ್ತರ ಚಿಕ್ಕಪ್ಪನಿಗೆ ಗೊತ್ತು, ಭಾವನಿಗೆ ಗೊತ್ತು, ಪುಟ್ಟಿಗಂತೂ ದಿನಾ ಕಣ್ಣೆದುರಿಗೇ ಇದೆ. 1867ರಿಂದ ಟೆಕ್ಸಾಸ್‌ನ ದನಗಳನ್ನು ಕ್ಯಾನ್ಸಸ್‌ನ ಅಬಿಲೀನ್‌ಗೆ ನಡೆಸಿಕೊಂಡು ಹೋಗಿ ರೈಲು ಹತ್ತಿಸುತ್ತಿದ್ದದ್ದು ಹಾಲಿಗಲ್ಲ. ಆ ಬೂಟು, ಆ ಟೋಪಿ ಹೆಸರಾದದ್ದು ಆ ದಾರಿಯಲ್ಲೇ. ಪುಟ್ಟಿಯ ಹೆಸರಿನ ಕೆಳಗೆ "ಟೈಪಿಂಗ್" ಎಂದು ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಚಿಕ್ಕಪ್ಪ ಆನ್‌ಲೈನ್ ಇದ್ದರು, ಆಮೇಲೆ ಇರಲಿಲ್ಲ.

9:58 ಚಿಕ್ಕಪ್ಪ: ಜಾಸ್ತಿ ಇಲ್ಲ ಅಮ್ಮ. ಕರುವಿಗೆ ಆಗುವಷ್ಟು.

9:59 ದೊಡ್ಡಮ್ಮ: ತಿಂಡಿ ಆಯ್ತಾ ಎಲ್ಲರದೂ?